ಬರೆದವರೇ ತೀರ್ಪುಗಾರರಾದ ಕರಾರು

ರಸ್ತೆಯಿರಲಿ, ಸೇತುವೆಯಿರಲಿ, ಆಸ್ಪತ್ರೆ ಕಟ್ಟಡವಿರಲಿ, ಸರ್ಕಾರಿ ಕಾಮಗಾರಿಯ ಟೆಂಡರ್ ದಾಖಲೆಯ ಬಹುಪಾಲು ಪುಟಗಳು ಆ ಕಾಮಗಾರಿಗೆಂದೇ ಬರೆದವಲ್ಲ. ನಕ್ಷೆ, ಅಂದಾಜು, ದರಪಟ್ಟಿ ಬದಲಾಗುತ್ತವೆ. ‘ಸಾಮಾನ್ಯ ಷರತ್ತುಗಳು’ ಎಂಬ ದಪ್ಪ ಭಾಗ ಮಾತ್ರ ಎಲ್ಲೆಡೆ ಒಂದೇ. ಕೇಂದ್ರ ಲೋಕೋಪಯೋಗಿ ಇಲಾಖೆಗೆ ತನ್ನದೊಂದು ಮಾದರಿ, ರೈಲ್ವೆಗೆ ತನ್ನದೊಂದು. ಕರ್ನಾಟಕದಲ್ಲಿ ಕೆಡಬ್ಲ್ಯು ಸರಣಿಯ ಟೆಂಡರ್ ದಾಖಲೆಗಳು. ಇಂಥ ಸಿದ್ಧ ಕರಾರಿನ ಉಪಯೋಗ ಸಣ್ಣದಲ್ಲ. ಪ್ರತಿ ಕೆಲಸಕ್ಕೂ ಹೊಸದಾಗಿ ಷರತ್ತು ಬರೆಯುವ ಖರ್ಚು ಉಳಿಯುತ್ತದೆ, ಟೆಂಡರ್‌ಗಳನ್ನು ಒಂದೇ ಅಳತೆಯಲ್ಲಿ ಹೋಲಿಸಬಹುದು, ಒಂದು ಷರತ್ತಿನ ಬಗ್ಗೆ ಕೋರ್ಟು ಹೇಳಿದ್ದು ನೂರಾರು ಕಾಮಗಾರಿಗಳಿಗೆ ದಾರಿ ತೋರುತ್ತದೆ. ಆದರೆ ಮಾದರಿ ಎನ್ನಿಸಿಕೊಂಡ ಮಾತ್ರಕ್ಕೆ ಕರಾರು ನ್ಯಾಯವಾಗುವುದಿಲ್ಲ. ಅದನ್ನು ತೂಗಬೇಕಾದದ್ದು ಎರಡು ಪ್ರಶ್ನೆಗಳಿಂದ: ಊಹಿಸಲಾಗದ ನಷ್ಟ ಯಾರ ತಲೆಗೆ? ತಪ್ಪು ಯಾರದೆಂದು ಹೇಳುವವರು ಯಾರು? ನಮ್ಮ ಇಲಾಖೆಗಳ ಕರಾರುಗಳು ಎಡವುವುದು ಮುಖ್ಯವಾಗಿ ಎರಡನೆಯದರಲ್ಲಿ.

ಹೋಲಿಕೆಗೆ ಫಿಡಿಕ್ ಮಾದರಿಯನ್ನು ನೋಡಬಹುದು. ಫಿಡಿಕ್ ಎಂಬುದು ಸಲಹೆಗಾರ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ, ಹುಟ್ಟಿದ್ದು 1913ರಲ್ಲಿ. ಅದರ ‘ರೆಡ್ ಬುಕ್’ ಮೊದಲು ಬಂದದ್ದು 1957ರಲ್ಲಿ, ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳ ಷರತ್ತುಗಳ ಆಧಾರದ ಮೇಲೆ. 1999ರಲ್ಲಿ ಅದನ್ನು ಹೊಸದಾಗಿ ಬರೆದರು, 2017ರಲ್ಲಿ ಮತ್ತೆ ಪರಿಷ್ಕರಿಸಿದರು. ಬರೆದವರು ಕಾಮಗಾರಿಯ ಮಾಲೀಕರೂ ಅಲ್ಲ, ಗುತ್ತಿಗೆದಾರರೂ ಅಲ್ಲ ಎಂಬುದರ ಗುರುತು ಅದರ ಷರತ್ತುಗಳಲ್ಲೇ ಇದೆ. ಅನುಭವಿ ಗುತ್ತಿಗೆದಾರನೂ ಟೆಂಡರ್ ಹಾಕುವಾಗ ಊಹಿಸಲಾಗದಂಥ ಬಂಡೆಯೋ ಅಂತರ್ಜಲವೋ ತಳಪಾಯ ಅಗೆಯುವಾಗ ಸಿಕ್ಕರೆ, ಅದಕ್ಕೆ ತಗಲುವ ಸಮಯ ಮತ್ತು ವೆಚ್ಚ ಮಾಲೀಕನ ಪಾಲಿಗೆ. ಬಿಲ್ಲಿನ ಹಣ ತಡವಾದರೆ, 1999ರ ಆವೃತ್ತಿಯಂತೆ, ಕೇಂದ್ರ ಬ್ಯಾಂಕಿನ ದರದ ಮೇಲೆ ಶೇ. 3ರಷ್ಟು ಸೇರಿಸಿದ ಬಡ್ಡಿ ಕೇಳದೆಯೇ ಸಲ್ಲಬೇಕು. ವಿವಾದ ಎದ್ದರೆ ಎರಡೂ ಕಡೆಯವರು ಒಪ್ಪಿ ನೇಮಿಸಿಕೊಂಡ ಮಂಡಳಿ 84 ದಿನಗಳಲ್ಲಿ ನಿರ್ಣಯ ಹೇಳಬೇಕು. ಮುಂದೆ ಮಧ್ಯಸ್ಥಿಕೆಯಲ್ಲಿ ಬದಲಾಗುವವರೆಗೆ ಇಬ್ಬರೂ ಅದನ್ನು ಪಾಲಿಸಬೇಕು.

ಹಾಗೆಂದು ಫಿಡಿಕ್ ಕುಂದಿಲ್ಲದ್ದಲ್ಲ. ಕರಾರನ್ನು ನಡೆಸುವ ‘ಎಂಜಿನಿಯರ್’ ಸಂಬಳ ಪಡೆಯುವುದು ಮಾಲೀಕನಿಂದ, ನ್ಯಾಯವಾಗಿ ನಿರ್ಧರಿಸಬೇಕಾದದ್ದು ಇಬ್ಬರ ನಡುವೆ. ಈ ಇಕ್ಕಟ್ಟು ಯಾವ ಆವೃತ್ತಿಯಲ್ಲೂ ಪೂರ್ತಿ ಬಗೆಹರಿದಿಲ್ಲ. ಹೆಚ್ಚುವರಿ ಸಮಯ, ಹಣ ಬೇಕಾದಾಗ ಕಾರಣ ತಿಳಿದ 28 ದಿನಗಳೊಳಗೆ ನೋಟಿಸ್ ಕೊಡದಿದ್ದರೆ ಹಕ್ಕೇ ಹೋಗುತ್ತದೆ ಎಂಬ ಷರತ್ತು ದೊಡ್ಡ ಕಂಪನಿಗೆ ದಿನನಿತ್ಯದ ಕಾಗದಪತ್ರವಾದರೆ, ಪ್ರತ್ಯೇಕ ಸಿಬ್ಬಂದಿ ಇಲ್ಲದ ಗುತ್ತಿಗೆದಾರನಿಗೆ ಬೋನು. ಗೊತ್ತುಮಾಡಿದ ಅವಧಿ ಮುಗಿದೊಡನೆ ಹಕ್ಕನ್ನೇ ಅಳಿಸಿಹಾಕುವ ಒಪ್ಪಂದವನ್ನು ನಮ್ಮ ಕರಾರು ಕಾಯ್ದೆಯ 28ನೇ ಕಲಮು 1997ರ ತಿದ್ದುಪಡಿಯ ಬಳಿಕ ಮಾನ್ಯಮಾಡುವುದಿಲ್ಲ. ಹೀಗಾಗಿ ಈ ಷರತ್ತು ಇಲ್ಲಿ ಎಷ್ಟು ನಿಲ್ಲುತ್ತದೆಂಬುದೇ ವಾದದ ವಸ್ತು. ಇಷ್ಟಾದರೂ ಅಲ್ಲಿ ತೀರ್ಪು ಹೇಳುವ ಜಾಗದಲ್ಲಿ ಒಬ್ಬ ಪಕ್ಷಗಾರನೇ ಕುಳಿತಿಲ್ಲ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರಿನ 2ನೇ ಷರತ್ತು ವಿಳಂಬಕ್ಕೆ ಟೆಂಡರ್ ಮೊತ್ತದ ಶೇ. 10ರವರೆಗೆ ಪರಿಹಾರ ಕಡಿತಗೊಳಿಸಲು ಅವಕಾಶ ಕೊಡುತ್ತದೆ. ಮಿತಿ ಹಾಕಿರುವುದು ತಪ್ಪಲ್ಲ. ಆದರೆ ಎಷ್ಟು ಕಡಿಯಬೇಕೆಂಬ ಬಗ್ಗೆ ಅದು ಅಂತಿಮವೆಂದು ಹೇಳಿದ್ದು ಇಲಾಖೆಯ ಸೂಪರಿಂಟೆಂಡಿಂಗ್ ಎಂಜಿನಿಯರ್ ಮಾತನ್ನೇ. ವಿವಾದಗಳ 25ನೇ ಷರತ್ತು ಇನ್ನೂ ಮುಂದೆ ಹೋಗಿತ್ತು: ಚೀಫ್ ಎಂಜಿನಿಯರ್ ನೇಮಿಸಿದವರೇ ಮಧ್ಯಸ್ಥರಾಗಬೇಕು, ಅದು ಆಗದಿದ್ದರೆ ಮಧ್ಯಸ್ಥಿಕೆಯೇ ಇಲ್ಲ. ರೈಲ್ವೆಯ ಷರತ್ತಿನಂತೆ ಗುತ್ತಿಗೆದಾರನಿಗೆ ಸಲ್ಲಬೇಕಾದ ಹಣ ತಡವಾದರೂ ಬಡ್ಡಿಯಿಲ್ಲ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಆಡಳಿತದ ಎಚ್ಚರಿಕೆ ಎನ್ನಬಹುದು. ಒಟ್ಟಾಗಿ ಓದಿದರೆ ಒಬ್ಬನ ತಪ್ಪಿಗೆ ದಂಡ, ಇನ್ನೊಬ್ಬನ ತಪ್ಪಿಗೆ ಮೌನ.

ಇದನ್ನು ಸರಿಪಡಿಸುವ ಕೆಲಸ ಇಷ್ಟು ವರ್ಷ ನಡೆದದ್ದು ಕೋರ್ಟುಗಳಲ್ಲಿ, ಅದೂ ಒಂದೊಂದೇ ಷರತ್ತಿನಂತೆ. ಇದರಲ್ಲಿ ಕರ್ನಾಟಕದ್ದೇ ಒಂದು ಮೊಕದ್ದಮೆಯ ಪಾಲು ದೊಡ್ಡದು. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ ಮತ್ತು ರಾಜ್ಯ ಸರ್ಕಾರದ ನಡುವಣ ಆ ಪ್ರಕರಣದಲ್ಲಿ, ಕರಾರು ಮುರಿದದ್ದು ಹೌದೋ ಅಲ್ಲವೋ ಎಂಬುದೇ ವಿವಾದವಾದಾಗ ಸರ್ಕಾರ ತಾನೇ ಅದನ್ನು ತೀರ್ಮಾನಿಸಿ ನಷ್ಟ ವಸೂಲು ಮಾಡುವಂತಿಲ್ಲ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಕಟ್ಟಡದ ಗುತ್ತಿಗೆಯಲ್ಲ. ಆದರೂ 2011ರ ಜೆ.ಜಿ. ಎಂಜಿನಿಯರ್ಸ್ ಪ್ರಕರಣದಲ್ಲಿ ಅದೇ ತತ್ತ್ವವನ್ನು 2ನೇ ಷರತ್ತಿಗೆ ಅನ್ವಯಿಸಲಾಯಿತು: ಮೊತ್ತ ಲೆಕ್ಕಹಾಕುವ ಮಾತು ಬೇರೆ, ವಿಳಂಬಕ್ಕೆ ಹೊಣೆ ಯಾರೆಂಬುದನ್ನು ಒಂದು ಪಕ್ಷವೇ ತೀರ್ಮಾನಿಸುವುದು ಬೇರೆ. ಮಧ್ಯಸ್ಥಿಕೆ ಕೇಳುವವರು ಮೊದಲು ಕ್ಲೇಮಿನ ಶೇ. 10ರಷ್ಟು ಠೇವಣಿ ಇಡಬೇಕೆಂಬ ಪಂಜಾಬಿನ ಮಂಡಳಿಯೊಂದರ ಷರತ್ತನ್ನು 2019ರಲ್ಲಿ ತೆಗೆದುಹಾಕಲಾಯಿತು. 2024ರ ನವೆಂಬರ್‌ನಲ್ಲಿ, ರೈಲ್ವೆಯ ಪಟ್ಟಿಯಿಂದಲೇ ಮಧ್ಯಸ್ಥರನ್ನು ಆರಿಸಬೇಕೆಂಬ ಷರತ್ತು ಸಮಾನತೆಗೆ ವಿರುದ್ಧವೆಂದು ಸಂವಿಧಾನ ಪೀಠ ಹೇಳಿತು. ಮೊದಲ ತೀರ್ಪಿನಿಂದ ಕೊನೆಯದಕ್ಕೆ ಮೂವತ್ತೇಳು ವರ್ಷ. ಇಲಾಖೆಗಳು ಪ್ರತಿ ಬಾರಿಯೂ ಮಾಡಿದ್ದು ಕೋರ್ಟು ಬೆರಳಿಟ್ಟ ಸಾಲನ್ನು ತಿದ್ದಿದ್ದು. ಆ ಸಾಲಿನ ಹಿಂದಿನ ಧೋರಣೆಯನ್ನಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಾರ್ವಜನಿಕ ಹಣದ್ದು. ಖಜಾನೆಯ ರಕ್ಷಣೆ ಅಧಿಕಾರಿಯ ಕರ್ತವ್ಯ, ಷರತ್ತುಗಳನ್ನು ಮೊದಲೇ ಓದಿ ಸಹಿ ಹಾಕಿದ ಗುತ್ತಿಗೆದಾರ ಅಪಾಯದ ಬೆಲೆಯನ್ನೂ ತನ್ನ ದರದಲ್ಲಿ ಸೇರಿಸಿರುತ್ತಾನೆ ಎಂಬುದು ವಾದ. ಚೌಕಾಶಿ ನಡೆಯುವ ಮಾರುಕಟ್ಟೆಯಲ್ಲಿ ಇದು ಒಪ್ಪುವ ಮಾತು. ಆದರೆ ಕಡಿಮೆ ದರದವನಿಗೇ ಕೆಲಸ ಸಿಗುವ ಎಲ್-1 ಪದ್ಧತಿಯಲ್ಲಿ ಅಪಾಯಕ್ಕೆ ಬೆಲೆ ಕಟ್ಟಿದವನು ಟೆಂಡರನ್ನೇ ಕಳೆದುಕೊಳ್ಳುತ್ತಾನೆ. ಗೆಲ್ಲುವವನು ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನು, ಇಲ್ಲವೇ ಅದನ್ನು ಬೇರೆ ರೀತಿಯಲ್ಲಿ ತುಂಬಿಕೊಳ್ಳಲು ಹೊರಟವನು: ಸಿಮೆಂಟಿನಲ್ಲಿ, ಕಬ್ಬಿಣದಲ್ಲಿ, ಅಳತೆ ಪುಸ್ತಕದಲ್ಲಿ. ಕಾಗದದ ಮೇಲೆ ಖಜಾನೆ ಉಳಿಸಿದ್ದನ್ನು ಕಟ್ಟಡ ತೆರುತ್ತದೆ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಷರತ್ತು ಸಡಿಲಾದರೆ ಉಬ್ಬಿಸಿದ ಕ್ಲೇಮುಗಳು ಬರುತ್ತವೆ, ಮಧ್ಯಸ್ಥಿಕೆ ದುಬಾರಿ, ನಿಧಾನ. ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್‌ನಲ್ಲಿ ಇಂಥದೇ ಅನುಭವವನ್ನು ಮುಂದಿಟ್ಟು, 10 ಕೋಟಿ ರೂಪಾಯಿಗಿಂತ ಕಡಿಮೆಯ ವಿವಾದಗಳಿಗಷ್ಟೇ ಮಧ್ಯಸ್ಥಿಕೆ ಸಾಕೆಂದು ಸೂಚಿಸಿತು. ದೂರು ಸುಳ್ಳಲ್ಲ, ಮದ್ದು ಮಾತ್ರ ತಪ್ಪಿದೆ. ಕ್ಲೇಮು ಉಬ್ಬುವುದು ಕೆಲಸ ಮುಗಿದು ವರ್ಷಗಳ ಬಳಿಕ, ಸಾಕ್ಷ್ಯ ಮಸುಕಾದ ಮೇಲೆ. ಬ್ರಿಟನ್ 1996ರ ಕಾನೂನಿನಲ್ಲಿ ಕಟ್ಟಡ ಕರಾರಿನ ವಿವಾದಕ್ಕೆ ಅಡ್ಜುಡಿಕೇಟರ್ 28 ದಿನಗಳಲ್ಲಿ ತಾತ್ಕಾಲಿಕ ನಿರ್ಣಯ ಕೊಡಬೇಕೆಂದು ವಿಧಿಸಿದ್ದು, ಮೊದಲು ಹಣ ಚಲಿಸಲಿ, ಅಂತಿಮ ವಾದ ಆಮೇಲಾಗಲಿ ಎಂಬ ಲೆಕ್ಕದಿಂದ. ಅಗೆದ ಹೊಂಡ ಇನ್ನೂ ತೆರೆದಿರುವಾಗಲೇ ನೋಡಿ ಹೇಳುವವರಿದ್ದರೆ ಅಲ್ಲಿ ಬಂಡೆ ಇತ್ತೋ ಇಲ್ಲವೋ ಎಂಬುದಕ್ಕೆ ವಕೀಲರು ಬೇಕಾಗುವುದಿಲ್ಲ. ದೊಡ್ಡ ವಿವಾದಗಳನ್ನು ಸಿವಿಲ್ ಕೋರ್ಟಿಗೆ ತಳ್ಳಿದರೆ ಆಗುವುದು ಇದರ ತಿರುಗುಮುರುಗು.

ಹಾಗೆಂದು ಫಿಡಿಕ್ ಅನ್ನು ಹಾಗೆಯೇ ತಂದು ಹೇರುವುದು ಪರಿಹಾರವಲ್ಲ. ತಾಲ್ಲೂಕಿನ ಚರಂಡಿ ಕಾಮಗಾರಿಗೆ ಅದು ಹೊರೆಯಾದೀತು. ತಡವಾದ ಬಿಲ್ಲಿಗೆ ಬಡ್ಡಿ, ಸ್ಥಳ ಹಸ್ತಾಂತರ ತಡವಾದರೆ ಸಮಯ ಮತ್ತು ವೆಚ್ಚ, ಇಬ್ಬರೂ ಒಪ್ಪಿದ ಮೂರನೆಯವರಿಂದ ಕಾಮಗಾರಿ ನಡೆಯುತ್ತಿರುವಾಗಲೇ ನಿರ್ಣಯ: ಈ ಮೂರು ಸೇರಿದರೆ ಈಗಿನ ಮಾದರಿಗಳೇ ಬಹಳಷ್ಟು ಸುಧಾರಿಸುತ್ತವೆ. ಅದಕ್ಕೆ ಪರಿಷ್ಕರಣೆಯ ಸಮಿತಿಯಲ್ಲಿ ಇಲಾಖೆಯ ಎದುರು ಗುತ್ತಿಗೆದಾರರಿಗೂ ಕುರ್ಚಿ ಇರಬೇಕು. ಇಲಾಖೆ ಕಳೆದುಕೊಳ್ಳುವುದು ಕೊನೆಗೆ ಕೋರ್ಟಿನಲ್ಲಿ ಹೇಗೂ ನಿಲ್ಲದ ಅಧಿಕಾರವನ್ನಷ್ಟೇ. ಪ್ರತಿಯಾಗಿ, ಅಪಾಯವನ್ನು ಮುಚ್ಚಿಡದ ದರಗಳನ್ನು ಕೇಳುವ ನೈತಿಕ ಹಕ್ಕು ಅದಕ್ಕೆ ಸಿಗುತ್ತದೆ.