ಪಂಪನ ಕರ್ಣನೂ ಪಾಶ್ಚಾತ್ಯರ ವೀರಧರ್ಮವೂ

ಯುರೋಪ ಖಂಡದ ಮಧ್ಯಯುಗದಲ್ಲಿ 'ನೈಟ್' ಎಂಬ ಹೆಸರಿನ ಅಶ್ವಾರೋಹಿ ವೀರರು ಪ್ರಸಿದ್ಧರಾಗಿದ್ದರು. ಸ್ವಾಮಿನಿಷ್ಠೆ, ಶರಣಾಗತರಕ್ಷಣೆ, ಸ್ತ್ರೀಗೌರವ ಇವು ಅವರ ಧರ್ಮದ ತಿರುಳೆಂದು ಹೇಳುವುದುಂಟು. ಇಂತಹ ಧರ್ಮವು ಪಾಶ್ಚಾತ್ಯರದೇ ಸೊತ್ತೆಂದು ಭಾವಿಸುವವರು ಪಂಪನ 'ವಿಕ್ರಮಾರ್ಜುನವಿಜಯ'ದ ಒಂಬತ್ತನೆಯ ಆಶ್ವಾಸವನ್ನು ಅವಲೋಕಿಸಬೇಕು. ಆ ಗುಣಗಳು ಅಲ್ಲಿಯೂ ಇವೆ. ಅವು ಒಂದಕ್ಕೊಂದು ಎದುರಾದಾಗ ವೀರನಾದವನು ಏನು ಮಾಡತಕ್ಕದ್ದೆಂಬ ಪ್ರಶ್ನೆಯೂ ಇದೆ.

ಈ ಕಾವ್ಯವು 941ರಲ್ಲಿ ಪೂರ್ಣವಾಯಿತು. ಕವಿಯ ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯು ರಾಷ್ಟ್ರಕೂಟರ ಸಾಮಂತನು. ಚಕ್ರವರ್ತಿ ನಾಲ್ವಡಿ ಗೋವಿಂದನ ಕೋಪಕ್ಕೆ ಗುರಿಯಾದ ವಿಜಯಾದಿತ್ಯನನ್ನು ಅವನು ಬೆಂಬಲವಾಗಿ ನಿಂತು ಕಾಯ್ದನು. ಗೋವಿಂದನನ್ನು ಎದುರಿಸಿ ಸಾಮ್ರಾಜ್ಯವನ್ನು ಬದ್ದೆಗನಿಗೆ ಒಪ್ಪಿಸಿದನು. ಈ ರಾಜವಂಶಕಲಹದ ವೃತ್ತಾಂತವನ್ನು ಪಂಪನು ಅರ್ಜುನನ ಪರಾಕ್ರಮದೊಡನೆ ಬೆರೆಸಿ ಕೊಂಡಾಡಿದ್ದಾನೆ. ಶರಣಾಗತನಿಗಾಗಿ ಒಡೆಯನನ್ನು ಬಿಟ್ಟುದು ಇಲ್ಲಿ ಕೀರ್ತಿಯೆನಿಸಿತು.

ಅದೇ ಆಶ್ವಾಸದಲ್ಲಿ ಶ್ರೀಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಪಕ್ಷಕ್ಕೆ ಕರೆಯುತ್ತಾನೆ. ಕರ್ಣನು ಒಪ್ಪನು. ತಾನೊಮ್ಮೆ ಭಾನುಮತಿಯೊಡನೆ ಪಗಡೆಯಾಡುತ್ತಿದ್ದಾಗ ಮುತ್ತಿನ ಹಾರವು ಹರಿದು ಚೆಲ್ಲಿತೆಂದೂ, ಅದನ್ನು ಕಂಡ ದುರ್ಯೋಧನನು ಎಳ್ಳಷ್ಟೂ ಸಂಶಯಪಡದೆ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನೆಂದೂ ನೆನೆಯುತ್ತಾನೆ. ಅಂತಹವನನ್ನು ಬಿಟ್ಟು ಬಾಳುವುದೆಂತು?

ಈ ಸನ್ನಿವೇಶವನ್ನು 12ನೆಯ ಶತಮಾನದ ಫ್ರೆಂಚ್ ಕವಿ ಕ್ರೆತಿಯಾಂ ದ ತ್ರುವಾ ಬರೆದ ಲಾನ್ಸಲಾಟನ ಕಥೆಯೊಡನೆ ಹೋಲಿಸಿ ನೋಡಬಹುದು. ಅಲ್ಲಿಯೂ ಒಬ್ಬ ರಾಜ, ಅವನ ರಾಣಿ, ಅವನ ಶ್ರೇಷ್ಠ ವೀರ. ರಾಣಿಗೋಸ್ಕರ ಲಾನ್ಸಲಾಟನು ಅಪರಾಧಿಗಳನ್ನು ಒಯ್ಯುವ ಬಂಡಿಯನ್ನೂ ಏರುತ್ತಾನೆ. ಏರುವ ಮುನ್ನ ಎರಡು ಹೆಜ್ಜೆ ಹಿಂಜರಿದುದನ್ನೇ ರಾಣಿಯು ತಪ್ಪೆಂದು ಎಣಿಸುತ್ತಾಳೆ. ಆ ಪ್ರೇಮವು ಉಜ್ಜ್ವಲವಾದುದು; ಆದರೆ ಒಡೆಯನ ವಿಶ್ವಾಸವನ್ನು ಒಡೆದು ಬೆಳೆದುದು. ಪಂಪನಲ್ಲಿ ಆ ವಿಶ್ವಾಸಕ್ಕೆ ಭಂಗವಿಲ್ಲ. ಚೆಲ್ಲಿದ ಮುತ್ತುಗಳೇ ಅದಕ್ಕೆ ಸಾಕ್ಷಿ.

ಕರ್ಣನ ನಿಷ್ಠೆಯು ಅಧರ್ಮಕ್ಕೆ ನೆರವಾಯಿತೆಂಬ ಆಕ್ಷೇಪವುಂಟು, ಅದು ನಿಜವೇ. ಆದರೆ ಪಂಪನು ಜಯವನ್ನೂ ಪಟ್ಟವನ್ನೂ ಅರ್ಜುನನಿಗೇ ಕೊಟ್ಟಿದ್ದಾನೆ. ಪ್ರಭುವನ್ನು ಅರ್ಜುನನೊಡನೆ ಒಂದುಗೂಡಿಸುವ ಹಂಬಲದಿಂದ ದ್ರೌಪದಿಯನ್ನು ಅವನೊಬ್ಬನಿಗೇ ಹೆಂಡತಿಯಾಗಿಸಿ, ಕೊನೆಗೆ ಸುಭದ್ರೆಯೊಡನೆ ಅವನಿಗೆ ಪಟ್ಟ ಕಟ್ಟಿಸಿದುದರಿಂದ ಕಥೆಯ ಕಟ್ಟು ಸಡಿಲಿದೆ. ದ್ರೌಪದಿಯ ಅವಮಾನದಿಂದ ಹುಟ್ಟಿದ ಯುದ್ಧದ ತುದಿಯಲ್ಲಿ ಅವಳಿಗೇ ಸಿಂಹಾಸನವಿಲ್ಲ. ಇದು ಕಾವ್ಯದ ಕುಂದೆಂದು ಹೇಳಲು ಸಂಕೋಚ ಬೇಡ. ಕರ್ಣನ ಪ್ರಸಂಗದಲ್ಲಿ ಮಾತ್ರ ಅಂತಹ ಬಲವಂತವಿಲ್ಲ. ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆಯಿರೆಂಬ ಅಭಿಪ್ರಾಯವನ್ನು ಕವಿಯು ಅವನ ಮರಣದ ಸಂದರ್ಭದಲ್ಲಿ ಸೂಚಿಸಿದ್ದಾನೆ.

ಅರಿಕೇಸರಿಯಿಂದ ಧರ್ಮವುರವನ್ನು ದತ್ತಿಯಾಗಿ ಪಡೆದ ಪಂಪನೂ ಅನ್ನದ ಋಣವನ್ನು ಬಲ್ಲವನೇ. ಒಡೆಯನನ್ನು ತೊರೆದ ಪ್ರಭುವನ್ನು ಹೊಗಳಿದ ಲೇಖನಿಯೇ ಒಡೆಯನನ್ನು ತೊರೆಯದವನಿಗಾಗಿ ಮರುಗಿತು. ಎರಡರಲ್ಲಿ ಯಾವುದು ದಿಟವಾದ ವೀರಧರ್ಮವೆಂದು ಅವನು ತೀರ್ಪು ಕೊಡಲಿಲ್ಲ. ಅದರಿಂದಲೇ ಕಾವ್ಯವು ಸ್ತುತಿಪಾಠವಾಗದೆ ಉಳಿಯಿತು.

ಪಂಪನು ಹಂಬಲಿಸಿದ ಬನವಾಸಿಯು ನಮ್ಮ ಶಿರಸಿಯ ಸೀಮೆಯಲ್ಲಿಯೇ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ 'ಕರ್ಣಭೇದನ'ದ ತಾಳಮದ್ದಲೆಯನ್ನು ಕೇಳಿ ಬೆಳೆದವರಿಗೆ ಕೃಷ್ಣ ಕರ್ಣರ ವಾದವು ಹೊಸದಲ್ಲ. ಅವರು ಪಂಪನನ್ನೂ ಓದಲಿ. ಅರ್ಥಧಾರಿಗಳ ಮಾತಿನಲ್ಲಿ ಕೇಳಿದ ಆ ಹಳೆಯ ಪ್ರಶ್ನೆಯು ಅಲ್ಲಿ ಸಾವಿರ ವರ್ಷಗಳ ಹಿಂದೆಯೇ ಇಷ್ಟೇ ತೀಕ್ಷ್ಣವಾಗಿ ಎದ್ದಿತ್ತೆಂಬುದು ಮನದಟ್ಟಾದೀತು.