ಮೇಸ್ತ್ರಿಯ ನೀರಿನ ಪೈಪು

ಅಹಮದಾಬಾದಿನ ನವರಂಗಪುರದಲ್ಲಾಗಲಿ, ನಮ್ಮ ದಾವಣಗೆರೆಯಲ್ಲಾಗಲಿ, ಗಾರೆ ಕೆಲಸದವರ ಸಾಮಾನಿನಲ್ಲಿ ನನಗೆ ಬಹಳ ಇಷ್ಟವಾದದ್ದು ನೀರು ತುಂಬಿದ ಪಾರದರ್ಶಕ ಪೈಪು. ಎರಡು ತುದಿಗಳನ್ನು ಇಬ್ಬರು ಹಿಡಿದರೆ ಸಾಕು, ನಡುವೆ ಗೋಡೆಯೇ ಬರಲಿ, ಕಂಬವೇ ಬರಲಿ, ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಪೆನ್ಸಿಲ್ ಗೀರು, ಕೆಲಸ ಮುಗಿಯಿತು. ರಸಮಟ್ಟ ತನ್ನ ಉದ್ದದಷ್ಟನ್ನೇ ನೋಡುತ್ತದೆ. ಪೈಪು ಇಡೀ ಮನೆಯನ್ನು ಸುತ್ತಿ ಬರುತ್ತದೆ.

ಆದರೆ ಒಳಗೆ ಗಾಳಿಗುಳ್ಳೆ ಉಳಿಯಬಾರದು. ಒಂದು ತುದಿ ನೆರಳಲ್ಲಿ, ಇನ್ನೊಂದು ಬಿಸಿಲಲ್ಲಿ ಇದ್ದರೂ ಕಷ್ಟ (ಅಹಮದಾಬಾದಿನ ಮೇ ತಿಂಗಳು ಗೊತ್ತಲ್ಲ!). ಕಾದ ನೀರು ಹಗುರ, ಆ ಕಡೆ ತುಸು ಮೇಲೇರುತ್ತದೆ. ಒಳ್ಳೆಯ ಮೇಸ್ತ್ರಿ ಎರಡೂ ತುದಿಗಳನ್ನು ಮೊದಲು ಪಕ್ಕಪಕ್ಕ ಹಿಡಿದು ನೋಡುವುದು ಅದಕ್ಕೇ.

ಕಾರಿನ ಹಿಂದೆ ಎಳೆದೊಯ್ಯುವ ಕ್ಯಾರವಾನನ್ನು ಬಯಲಲ್ಲಿ ಸಮ ನಿಲ್ಲಿಸುವುದೂ ಮಟ್ಟ ನೋಡುವ ಇದೇ ವಿದ್ಯೆ. ಮೊದಲು ತಗ್ಗಿನ ಚಕ್ರದ ಕೆಳಗೆ ಹಲಗೆ, ಚಕ್ರಗಳಿಗೆ ಅಡೆ, ಆಮೇಲೆ ಮುಂದಿನ ಜಾಕು. ವಾಲಿ ನಿಂತರೆ ಗ್ಯಾಸಿನ ಫ್ರಿಜ್ಜು ಸರಿಯಾಗಿ ತಣ್ಣಗಾಗುವುದಿಲ್ಲ.

ಮಟ್ಟ ಬೇಡವೆನ್ನುವ ಕಟ್ಟಡವೂ ಉಂಟು: ನವರಂಗಪುರದಲ್ಲೇ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ, ಚಿತ್ರಕಾರ ಎಂ.ಎಫ್. ಹುಸೇನ್ ಸೇರಿ 1990ರ ದಶಕದಲ್ಲಿ ರೂಪಿಸಿದ 'ಅಮ್ದಾವಾದ್ ನಿ ಗುಫಾ' ಎಂಬ ಕಲಾ ಗ್ಯಾಲರಿ ಇದೆ. ಅಲ್ಲಿ ನೆಲ ಏರುಪೇರು, ಕಂಬಗಳು ಓರೆ! ಚೆಂದವೇ. ಆದರೆ ವಾಸದ ಮನೆಗೆ ಪೈಪೇ ಬೇಕು.

ಈಗ ಲೇಸರ್ ಬಂದಿದೆ. ಅದರ ಗೆರೆ ನಡುಮಧ್ಯಾಹ್ನದ ಬಿಸಿಲಲ್ಲಿ ಕಾಣುವುದೇ ಕಷ್ಟ. ಬ್ಯಾಟರಿ ಕೇಳದ ಈ ಪೈಪಿಗೇ ನನ್ನ ಮತ.