ಬಾಗಳಿಯ ಕಲ್ಲೇಶ್ವರ ಗುಡಿ ಮತ್ತು ನೂರು ಮೀಟರಿನ ಗೆರೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿರುವ ಕಲ್ಲೇಶ್ವರ ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಗೆ ಒಳಪಟ್ಟ ಸ್ಮಾರಕ. ರಾಷ್ಟ್ರಕೂಟರ ಕಾಲದಲ್ಲಿ ಮೊದಲಾದ ಈ ಕಟ್ಟಡ ಕ್ರಿ.ಶ. 987ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಎರಡನೆಯ ತೈಲಪನ ಆಳ್ವಿಕೆಯಲ್ಲಿ, ದುಗ್ಗಿಮಯ್ಯನೆಂಬವನಿಂದ ವಿಸ್ತಾರಗೊಂಡಿತೆಂದು ವಿದ್ವಾಂಸರು ಹೇಳುತ್ತಾರೆ. ತೆರೆದ ಸಭಾಮಂಟಪದ ಐವತ್ತರಷ್ಟು ಕಂಬಗಳಲ್ಲಿ ಹಲವು ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೊಡ್ಡಿದಂತೆ ಗಟ್ಟಿಯಾಗುವ ಈ ಕಲ್ಲನ್ನು ತಿರುಗಣೆಗೆ ಕೊಟ್ಟು ಕಡೆದದ್ದರಿಂದ ಒಂದರ ಮೇಲೊಂದು ಕುಳಿತ ಬಳೆಗಳಂಥ ಪಟ್ಟಿಗಳು ಇಂದಿಗೂ ಅಂಚು ಮುಕ್ಕಾಗದೆ ಉಳಿದಿವೆ. ಇಷ್ಟರಮಟ್ಟಿಗೆ ರಕ್ಷಣೆ ಫಲ ಕೊಟ್ಟಿದೆಯೆಂದು ಒಪ್ಪಬೇಕು.

ಆದರೆ ರಕ್ಷಣೆಯ ಕ್ರಮದ ಬಗ್ಗೆ ಅದೇ ಮಾತು ಹೇಳುವಂತಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯು ರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರನ್ನು ನಿಷೇಧಿತ ವಲಯವೆಂದೂ, ಅದರಾಚೆಯ 200 ಮೀಟರನ್ನು ನಿಯಂತ್ರಿತ ವಲಯವೆಂದೂ ಗುರುತಿಸುತ್ತದೆ; ಮೊದಲನೆಯದರಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ದಿಲ್ಲಿಯ ಗೋರಿಗೂ ಹರಪನಹಳ್ಳಿ ಸೀಮೆಯ ಗುಡಿಗೂ ಒಂದೇ ಅಳತೆ. ಇದೇ ನಿಯಮಕ್ಕೊಳಪಟ್ಟ, ತುಂಗಭದ್ರೆಯ ದಡದ ಕುರುವತ್ತಿಯ ಗುಡಿಯಲ್ಲಿ ಮಲ್ಲಿಕಾರ್ಜುನನಿಗೆ ಪೂಜೆ, ಜಾತ್ರೆ ಎರಡೂ ನಡೆಯುತ್ತಿರುವಾಗ ಗುಡಿಯನ್ನು ಊರಿನಿಂದ ಬೇರ್ಪಡಿಸಿ ನೋಡುವ ಈ ಗೆರೆ ಊರನ್ನು ಬರಿಯ ಅಡ್ಡಿಯೆಂದೇ ಎಣಿಸಿದಂತಾಗುತ್ತದೆ.

ಊರನ್ನೂ ಒಳಗೊಳ್ಳುವ ಬೇರೆ ದಾರಿಯುಂಟು: ಅಮೆರಿಕದ ಚಾರ್ಲ್ಸ್‌ಟನ್ ನಗರವು 1931ರಲ್ಲೇ ಬಿಡಿ ಕಟ್ಟಡದ ಬದಲು ಜನ ವಾಸಿಸುವ ಬೀದಿಗಳನ್ನೇ ಐತಿಹಾಸಿಕ ವಲಯವೆಂದು ಘೋಷಿಸಿ, ಮನೆಗಳ ಹೊರನೋಟದ ಬದಲಾವಣೆಯನ್ನು ಸ್ಥಳೀಯ ಮಂಡಳಿಯೊಂದರ ಪರಿಶೀಲನೆಗೆ ಒಪ್ಪಿಸಿತು. ಆ ಮಾದರಿಗೂ ದೋಷಗಳುಂಟು, ಬಾಡಿಗೆ ಏರಿ ಹಳಬರು ಊರು ಬಿಡುವುದು ಅವುಗಳಲ್ಲೊಂದು. ಆದರೂ ವಾಸದ ಮನೆಯೂ ಚರಿತ್ರೆಯೆಂಬ ತಿಳಿವಳಿಕೆ ಅದರಲ್ಲಿದೆ. ನಮ್ಮ ಕಾಯ್ದೆಯ ವ್ಯಾಖ್ಯೆಯೂ ಇದಕ್ಕೆ ಅಡ್ಡಿಯಲ್ಲ, ಏಕೆಂದರೆ ನೂರು ವರ್ಷ ಸಂದ, ಚಾರಿತ್ರಿಕ ಮಹತ್ವವುಳ್ಳ ಯಾವ ಕಟ್ಟಡವನ್ನೂ ಅದು ಹೊರಗಿಡುವುದಿಲ್ಲ. ಹೊರಗಿಟ್ಟದ್ದು ರೂಢಿ. ಪಾಳೆಯಗಾರರು ಆಳಿದ ಹರಪನಹಳ್ಳಿಯಂಥ ಪೇಟೆಯಲ್ಲಿ ತೊಲೆ, ಜಂತೆಗಳ ಮೇಲೆ ಸವಳು ಮಣ್ಣು ಹಾಸಿ ಬೆಳಕಿಂಡಿ ಬಿಟ್ಟ ಮಾಳಿಗೆ ಮನೆ ರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರುವುದು ವಿರಳ. ಮಣ್ಣು ಹೊರುವ ಆಳು ಸಿಗದೆ ಯಜಮಾನ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದರೆ, ಆ ಮನೆ ಯಾವ ಗುಡಿಯ ವಲಯದೊಳಗೂ ಇರದ ಪಕ್ಷದಲ್ಲಿ, ಪುರಾತತ್ತ್ವದ ಕಡೆಯಿಂದ ಕೇಳುವವರಿಲ್ಲ.